ಒಗ್ಗಟ್ಟಿನ ಸೇತುವೆ

ನಮ್ಮ ಆಫೀಸಿನ ದೊಡ್ಡ ಸಾಹೇಬರಿಗೆ ಕಂಪ್ಯೂಟರಿನ ಮೌಸ್ ಕಂಡರಾಗದು. ಅವರ ಲೆಕ್ಕದಲ್ಲಿ ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟುವವನೇ ಇಂಜಿನಿಯರು, ಮಿಕ್ಕವರೆಲ್ಲ ಗುಮಾಸ್ತರು.

ಹೊಸ ಸೇತುವೆ ಗಾಳಿಗೆ ನಿಲ್ಲುತ್ತದೋ ಇಲ್ಲವೋ ನೋಡಲು ಅವರು ಕಂಪ್ಯೂಟರಿನೊಳಗೇ ಸೇತುವೆ ಕಟ್ಟಿ ಪರೀಕ್ಷಿಸುವ ರಾಶಿ ಸಿಮ್ಯುಲೇಶನ್‌ಗಳನ್ನು ಒಟ್ಟಿಗೆ ಓಡಲು ಬಿಟ್ಟರು. ಒಂದೊಂದೂ ತನ್ನಷ್ಟಕ್ಕೆ ಓಡುವ ಬೇರೆ ಪರೀಕ್ಷೆ, ಒಂದೊಂದರಲ್ಲೂ ಬೇರೆ ಗಾಳಿ ಬೀಸಬೇಕು. ವಾರವಿಡೀ ಸರ್ವರ್ ಕೋಣೆ ಕಾದ ಹೆಂಚಿನಂತಿತ್ತು. ಕೊನೆಗೆ ಎಲ್ಲವೂ ಒಂದೇ ಉತ್ತರ ಹೇಳಿದವು: ಸೇತುವೆ ಗಟ್ಟಿ.

"ನೋಡ್ರೀ, ಒಂದೇ ಒಂದು ಅಪಸ್ವರ ಇಲ್ಲ!" ಎಂದು ಸಾಹೇಬರು ಬೀಗಿದರು.

ದಶಮಾಂಶದ ಕೊನೆಯ ಅಂಕಿಯೂ ಒಂದೇ ಇದ್ದದ್ದು ಕಂಡು ನನಗೆ ಅನುಮಾನ ಬಂತು. ಕಮಾಂಡ್‌ಗಳನ್ನು ತೆಗೆದು ನೋಡಿದೆ. ಪುಣ್ಯಾತ್ಮರು ಒಂದೇ ಸಾಲನ್ನು ಕಾಪಿ ಹೊಡೆದು, ಉತ್ತರ ಬರೆಯುವ ಫೈಲಿನ ಹೆಸರು ಮಾತ್ರ ಬದಲಿಸಿದ್ದರು. ಗಾಳಿಯ ಲೆಕ್ಕವಿದ್ದ ಫೈಲು ಎಲ್ಲಕ್ಕೂ ಒಂದೇ, ಅದೂ ಎಲೆ ಅಲುಗದ ದಿನದ್ದು.

"ಸಾರ್, ಒಬ್ಬನನ್ನೇ ಮತ್ತೆ ಮತ್ತೆ ಕೇಳಿ, ಊರೇ ಒಪ್ತು ಅಂದ ಹಾಗಾಯ್ತಲ್ಲ," ಎಂದೆ.

ಅವರು ಮುಖ ಹುಳ್ಳಗೆ ಮಾಡಿಕೊಂಡು, ಈ ಸಲ ಬೇರೆ ಬೇರೆ ಗಾಳಿ ಕೊಟ್ಟು ಮತ್ತೆ ಓಡಿಸಿದರು. ಅರ್ಧಕ್ಕರ್ಧ ಸೇತುವೆಗಳು ಪರದೆಯ ಮೇಲೇ ಮುರಿದು ಬಿದ್ದವು.

ಸಾಹೇಬರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

"ಇವುಗಳಲ್ಲೇ ಒಮ್ಮತ ಇಲ್ಲ ಕಣ್ರೀ. ವರದಿಗೆ ಆ ಹಳೇ ಒಗ್ಗಟ್ಟಿನ ಉತ್ತರಗಳನ್ನೇ ಹಾಕಿ."