ಮಾಸಮ್ಮನ ತಂಗಿ

"ತಲೆ ಕಡೆ ಸ್ವಲ್ಪ ಎತ್ತಿ... ಹಾಂ, ಈಗ ತಳ್ಳಿ," ಎಂದು ಡ್ರೈವರ್ ಹೇಳುವಷ್ಟರಲ್ಲಿ ಸ್ಟ್ರೆಚರ್ ಗಾಡಿಯೊಳಗೆ ಜಾರಿತು. ಎತ್ತಿದವರು ಡ್ರೈವರ್, ಸತ್ತವಳ ಮನೆಯ ಓನರಮ್ಮ, ಅವಳ ಪ್ರಯೋಗಾಲಯದ ಶಿಷ್ಯೆ ಮತ್ತು ಅವಳ ತಂಗಿ. ಅದಕ್ಕಿಂತ ಒಬ್ಬರು ಕಡಿಮೆಯಿದ್ದರೂ ಹೆಣ ಮೇಲೇಳುತ್ತಿರಲಿಲ್ಲ.

"ಇನ್ನೂ ಯಾರಾದ್ರೂ ಬರೋರಿದ್ದಾರಾ?"

"ಯಾರ್ ಬರ್ತಾರಪ್ಪ?" ಓನರಮ್ಮ ಮೂಗೊರೆಸಿಕೊಂಡರು. "ಮಹಡಿ ಮೇಲೆ ಇದ್ರೂ ಇಲ್ದಂಗೆ ಇದ್ರು. ಅಂಥ ಬಾಡಿಗೆಯೋರು ಪುಣ್ಯ ಮಾಡಿದ್ರೂ ಸಿಗಲ್ಲ."

ಹೊಗಳಿಕೆಯೇ ಸರಿ. ಆದರೂ ತಂಗಿ ಮುಖ ತಿರುಗಿಸಿ ಗಾಡಿ ಹತ್ತಿದಳು.

ಓನರಮ್ಮ ಮುಂದೆ ಕೂತರು. ಹಿಂದೆ ತಂಗಿ, ಶಿಷ್ಯೆ ಎದುರುಬದುರು, ನಡುವೆ ಅಕ್ಕ. ಬೆಳಿಗ್ಗೆ ಫೋನು ಮಾಡಿ ಸಾವಿನ ಸುದ್ದಿ ಹೇಳಿದ್ದೂ ಈ ಶಿಷ್ಯೆಯೇ.

"ನಾವೆಲ್ಲ ಹಿಂದಿನಿಂದ ಅವರನ್ನ ಮಾಸಮ್ಮ ಅಂತಿದ್ವಿ," ಎಂದಳು ಅವಳು. "ಹೆರಿಗೆ ಆಸ್ಪತ್ರೆಯಿಂದ ಮಾಸು ಬಂತು ಅಂದ್ರೆ ಸಾಕು, ಊಟ ಬಿಟ್ಟು ಓಡೋರು."

ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಆ ಮಾಸಿನ ಜೀವಕೋಶಗಳಿಗೆ 'ಬೆಳೆ' ಎಂದು ಹೇಳುವ ಪ್ರೋಟೀನು ಯಾವುದು, 'ಸಾಯಿ' ಎನ್ನುವುದು ಯಾವುದು, ಯಾವಾಗ ಒಂದರ ಮಾತು ಇನ್ನೊಂದನ್ನು ಮೀರುತ್ತದೆ? ಅಕ್ಕ ಆಯುಷ್ಯವೆಲ್ಲ ಹುಡುಕಿದ್ದು ಇಷ್ಟನ್ನೇ.

"ನನ್ನ ಮಗೂದನ್ನೂ ಕತ್ತರಿಸಿದ್ಲು," ಎಂದಳು ತಂಗಿ. "ಹೋಗಲಿ ಬಿಡಿ, ಈಗ ಆಡಿ ಏನು."

ಶಿಷ್ಯೆ ಥಟ್ಟನೆ ತಲೆಯೆತ್ತಿದಳು. ಅಷ್ಟರಲ್ಲಿ ಗಾಡಿ ಚಿತಾಗಾರದ ಮುಂದೆ ನಿಂತಿತು.

*

ತಂಗಿಯ ಮಗು ಉಸಿರಿಲ್ಲದೆ ಹುಟ್ಟಿದ ದಿನ ಅವಳ ಅತ್ತೆ ಹಾಸಿಗೆಯ ಪಕ್ಕದಲ್ಲೇ ನಿಂತು ಅಂದಿದ್ದರು: "ಬೇಡ ಬೇಡ ಅಂದ್ರೂ ಮೊನ್ನೆ ತುಂಬಿದ ಬಸುರೀಲಿ ಬಟ್ಟೆ ಬೀರು ತಳ್ಳಿದ್ಲು. ಕೈಯಾರೆ ಕೊಂದ್ಕೊಂಡ್ಲು."

ಆಗಲೇ ಅಕ್ಕ ಐಸ್ ಡಬ್ಬಿ ಹಿಡಿದು ಬಾಗಿಲಲ್ಲಿ ಕಂಡಳು. ತಂಗಿಯ ಗಂಡನನ್ನು ಕೇಳಿ ಮಾಸನ್ನು ಅದರಲ್ಲಿ ತುಂಬಿಸಿಕೊಂಡಾಗಿತ್ತು. ತಂಗಿಯನ್ನು ಇನ್ನೂ ಅಪ್ಪಿಕೊಂಡಿರಲಿಲ್ಲ.

"ತಡ ಆದ್ರೆ ಕೆಟ್ಟೋಗುತ್ತೆ ಕಣೇ. ಯಾಕೆ ಹಿಂಗಾಯ್ತು ಅಂತ ನೋಡ್ತೀನಿ."

"ನನ್ನ ಮಗು ನಿನ್ನ ಪ್ರಯೋಗಕ್ಕಾ? ಅದಕ್ಕೆ ಕತ್ತರಿ ತಾಗಿಸಿದ್ರೆ ಮತ್ತೆ ನನ್ನ ಮುಖ ನೋಡ್ಬೇಡ!"

ಆಮೇಲೆ ತಂಗಿ ಅಕ್ಕನ ಫೋನು ಎತ್ತಲಿಲ್ಲ. ಮನೆಗೇ ಬಂದಾಗ ಬಾಗಿಲು ತೆಗೆಯಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಂದೀತೇ? ಅಕ್ಕ ಕತ್ತರಿಸಿಯೇ ಇರುತ್ತಾಳೆ ಎಂದು ನಂಬಿ ವರ್ಷಗಳನ್ನು ಕಳೆದಳು. ಒಬ್ಬಳೇ ಇದ್ದಾಗ ಮಾತ್ರ ಬೀರು ಕಣ್ಣೆದುರು ಬರುತ್ತಿತ್ತು. ತಾನೇ ಕೊಂದೆನೇ? ಉತ್ತರ ಹೇಳಬಲ್ಲವಳು ಒಬ್ಬಳೇ, ಅವಳನ್ನು ಕೇಳುವಂತಿರಲಿಲ್ಲ.

*

ಚಿತಾಗಾರದ ಕಬ್ಬಿಣದ ಬಾಗಿಲು ಅಕ್ಕನ ಹಿಂದೆ ಮುಚ್ಚಿತು. ಓನರಮ್ಮ ಹೊರಟರು. ಹೊರಗಿನ ಕಲ್ಲುಬೆಂಚಿನ ಮೇಲೆ ಶಿಷ್ಯೆ ಬಾಯಿಬಿಟ್ಟಳು.

"ಅವರು ಅದನ್ನ ಕತ್ತರಿಸಲೇ ಇಲ್ಲಮ್ಮ. ಫ್ರೀಜರಿನಲ್ಲಿ ಹಂಗೇ ಇದೆ. ಒಂದ್ಸಲ ತಿಳೀದೆ ತೆಗೆಯೋಕೆ ಹೋಗಿ ಬೈಸ್ಕೊಂಡೆ. 'ಮುಟ್ಬೇಡ, ನನ್ನ ತಂಗೀದು. ಅವಳು ಹೂಂ ಅನ್ಬೇಕು' ಅಂದ್ರು."

ತಂಗಿಗೆ ಮೊದಲು ಬಂದದ್ದು ಸಿಟ್ಟು. "ಅಯ್ಯೋ ಪೆದ್ದಿ! ಬಾಯಿಗೆ ಬಂದಿದ್ದನ್ನ ಅಂದ್ರೆ ಯಾರಾದ್ರೂ ಹಿಂಗೆ ಹಿಡ್ಕೊಂಡು ಕೂರ್ತಾರೇನೇ?" ಎಂದು ಮುಚ್ಚಿದ ಬಾಗಿಲಿಗೆ ಬೈದಳು. ಆಮೇಲೆ ಬಿಕ್ಕಿಬಿಕ್ಕಿ ಅತ್ತಳು.

"ಯಾಕೆ ಹಂಗಾಯ್ತು ಅಂತ ಈಗ ನೋಡಿದ್ರೆ ಗೊತ್ತಾಗುತ್ತಾ?"

"ಎಲ್ಲಾ ಗೊತ್ತಾಗಲ್ಲ. ಸ್ವಲ್ಪ ಗೊತ್ತಾಗಬಹುದು."

"ಹೂಂ," ಎಂದಳು ತಂಗಿ. "ನಡೀರಿ."

ದಾರಿಯಲ್ಲಿ ಬೀರುವಿನ ಮಾತು ಹೇಳಿದಳು. ಆ ಭಯವನ್ನು ಗಂಡನ ಹತ್ತಿರವೂ ಆಡಿರಲಿಲ್ಲ.

ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಶಿಷ್ಯೆ ಹೆಪ್ಪುಗಟ್ಟಿದ ತುಣುಕನ್ನು ತೆಳುವಾಗಿ ಸೀಳಿ, ಗಾಜಿನ ಮೇಲಿಟ್ಟು ಬಣ್ಣ ಹಾಕಿದಳು. ತನ್ನ ಮೇಜಿನ ಮೈಕ್ರೋಸ್ಕೋಪಿನಲ್ಲಿ ತುಂಬ ಹೊತ್ತು ನೋಡಿದಳು.

"ಇದು ಒಂದು ದಿನದ್ದಲ್ಲಮ್ಮ. ಸತ್ತ ಜಾಗಗಳೆಲ್ಲ ಹಳೇವು, ಗಾಯದ ಕಲೆ ಥರ ಗಟ್ಟಿಯಾಗಿವೆ. ವಾರಗಟ್ಟಲೆ ಮುಂಚೇನೇ ಶುರುವಾಗಿತ್ತು. ಯಾಕೆ ಅಂತ ನಂಗೊತ್ತಿಲ್ಲ. ಆದ್ರೆ ಬೀರು ತಳ್ಳಿದ್ದಕ್ಕಲ್ಲ."

"ಅಕ್ಕ ಅವತ್ತೇ ನೋಡಿದ್ದಿದ್ರೆ..."

"ಅವತ್ತೇ ಹೇಳ್ತಿದ್ರು."

ತಂಗಿ ಕುರ್ಚಿಯಲ್ಲಿ ಕುಸಿದಳು. ಅದು ಅಕ್ಕನ ಕುರ್ಚಿ. ಶಿಷ್ಯೆ ಗಾಜಿನ ತುಂಡನ್ನು ತಂದು ಅದರ ಎದುರಿಗಿದ್ದ ಮೈಕ್ರೋಸ್ಕೋಪಿನಡಿ ಇಟ್ಟಳು.

"ಇದು ಮೇಡಂದು, ಅವರ ಕಣ್ಣಿಗೆ ಹೊಂದಿಸಿಟ್ಟಿದ್ದು. ಕಣ್ಣುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂಥರ ಇರುತ್ತೆ, ನಮಗ್ಯಾರಿಗೂ ಅವರದ್ದು ಹೊಂದ್ತಿರಲಿಲ್ಲ. ಎರಡೆರಡು ಕಂಡ್ರೆ ಹೇಳಿ, ಸರಿಮಾಡ್ತೀನಿ."

ತಂಗಿ ಬಗ್ಗಿದಳು. ಗುಲಾಬಿ ಬಣ್ಣದ ಸಣ್ಣ ಸಣ್ಣ ಕೊಂಬೆಗಳು, ನಡುನಡುವೆ ಬಿಳಿಚಿದ ಕಲೆಗಳು.

ಅಂತರ ಸರಿಮಾಡಲು ಶಿಷ್ಯೆಯ ಕೈ ತಿರುಪಿನ ಹತ್ತಿರ ಬಂತು.

"ಮುಟ್ಬೇಡಿ," ಎಂದಳು ತಂಗಿ, ಕಣ್ಣು ಕೀಳದೆ. "ಒಂದೇ ಕಾಣ್ತಿದೆ."