ಅನ್ನ ಬೇಯುವ ಒಲೆ

ಇಂಧನ ಉರಿಸಿ ಹೊರಬಿಡುವ ಇಂಗಾಲಕ್ಕೆ ಸರ್ಕಾರ ದರ ಕಟ್ಟಿದರೆ ಮನೆಗಳಿಗೂ ಕಾರ್ಖಾನೆಗಳಿಗೂ ಎಷ್ಟು ಹೊರೆ ಬೀಳುತ್ತದೆ ಎಂದು ಅಂದಾಜಿಸುವುದು ಅಶ್ಮಿತಾಳ ಕೆಲಸ. ಪ್ರಶ್ನೆ ಬರೆದು ಮಂಗಳೂರಿನ ಆರುನೂರು ಮನೆಗಳ ಸಮೀಕ್ಷೆ ಮಾಡಿಸಿದವಳೂ ಅವಳೇ. ಉತ್ತರ ಚಂದವಾಗಿಯೇ ಬಂದಿತ್ತು: ಗ್ಯಾಸ್ ದುಬಾರಿಯಾದರೆ ಬಡವರು ಕಡಿಮೆ ಉರಿಸುತ್ತಾರೆ, ಅಷ್ಟು ಇಂಗಾಲ ಉಳಿಯುತ್ತದೆ, ಅವರಿಗೆ ಹೆಚ್ಚಿನ ಪರಿಹಾರ ಕೊಡುವುದೂ ಬೇಡ. ವರದಿ ಸೋಮವಾರ ಸರ್ಕಾರದ ಸಮಿತಿಗೆ ಹೋದರೆ ಅವಳ ನೌಕರಿ ಇನ್ನೆರಡು ವರ್ಷ ಗಟ್ಟಿ.

ಶುಕ್ರವಾರ, ಕೆಲಸ ಮುಗಿದ ಖುಷಿಯಲ್ಲಿ ಮಧ್ಯಾಹ್ನದ ಊಟಕ್ಕೇ ಶಕ್ತಿನಗರದ ಮನೆಗೆ ಬಂದಳು. ಹಿತ್ತಲಲ್ಲಿ ಅಮ್ಮ ಹೇಮಾಕ್ಷಿ ತೆಂಗಿನ ಮಡಲು ಉರಿಸಿ ಕುಚ್ಚಲಕ್ಕಿ ಬೇಯಿಸುತ್ತಾ ಕೆಮ್ಮುತ್ತಿದ್ದರು. ಹೊಗೆಯ ಹತ್ತಿರ ಸುಳಿಯಬೇಡಿ ಎಂದು ಫಳ್ನೀರಿನ ಡಾಕ್ಟರು ಹೇಳಿ ವರ್ಷವಾಗಿತ್ತು.

“ಎಂತ ಅಮ್ಮ ಇದು? ಗ್ಯಾಸ್ ಉಂಟಲ್ಲ!”

“ಅದು ಚಾಕ್ಕೆ, ಸಾರು-ಪದಾರ್ಥಕ್ಕೆ. ಈ ಅಕ್ಕಿಗೆ ಒಂದು ಗಂಟೆ ಬೇಕು ಮಾರಾಯ್ತಿ, ಸಿಲಿಂಡರ್ ಎಷ್ಟು ದಿನ ಬರ್ತದೆ? ನೀನು ಆಫೀಸಿಗೆ ಹೋದ ಮೇಲೆ ಹೊತ್ತಿಸ್ತೇನೆ.”

“ನಮ್ಮ ಮನೆಗೂ ಸರ್ವೆಯವರು ಬಂದಿದ್ರಲ್ಲ, ಅವರಿಗೆ ಹೇಳ್ಲಿಲ್ವಾ?”

“ಗ್ಯಾಸ್ ಉಂಟಾ ಕೇಳಿದ್ರು, ಉಂಟು ಅಂದೆ. ಮಡಲು ಸುಡ್ತೇನೆ ಅಂತ ಹೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ?”

ಪ್ರಶ್ನೆ ಬರೆದವಳು ಪರವೂರಿನವಳಾಗಿದ್ದರೆ ಕ್ಷಮಿಸಬಹುದಿತ್ತು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳೇ ಅನ್ನ ಎಲ್ಲಿ ಬೇಯುತ್ತದೆ ಎಂದು ಕೇಳುವುದನ್ನು ಬಿಟ್ಟಿದ್ದಳು! ಗ್ಯಾಸ್ ದರ ಏರಿದರೆ ಇವರು ಕಡಿಮೆ ಬೇಯಿಸುವುದಿಲ್ಲ, ಪದಾರ್ಥದ ಪಾತ್ರೆಯೂ ಹಿತ್ತಲಿಗೆ ಬರುತ್ತದೆ. ಅಮ್ಮ ಇನ್ನಷ್ಟು ಕೆಮ್ಮುವುದನ್ನೇ ಅವಳ ವರದಿ ಉಳಿತಾಯ ಎಂದು ಬರೆದಿತ್ತು. ಅಶ್ಮಿತಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಂಸ್ಥೆಯ ಮುಖ್ಯಸ್ಥ ಲಯನೆಲ್‌ಗೆ ಫೋನ್ ಮಾಡಿದಳು.

“ಒಂದು ಮನೆ ನೋಡಿ ಆರುನೂರೂ ತಪ್ಪು ಅಂತೀರಾ?” ಎಂದರು ಅವರು. “ನಾಳೆಯೊಳಗೆ ತೋರಿಸಿ. ಇಲ್ಲದಿದ್ರೆ ವರದಿ ಹೋಗ್ತದೆ.”

ಶನಿವಾರ ಬೆಳಿಗ್ಗೆಯೇ ಜೆಪ್ಪುವಿಗೆ ಹೊರಟಳು. ಸಮೀಕ್ಷೆಯ ಪಟ್ಟಿಯಲ್ಲಿ ಅಲ್ಲಿನ ಮೊದಲ ಮನೆ ಬೀಫಾತಿಮ್ಮನದು.

“ಗ್ಯಾಸ್ ಉಂಟು ಅಂತ ಆವತ್ತೇ ಹೇಳಿದ್ದೇನಲ್ಲ ಮಗಳೇ.”

“ಗೊತ್ತುಂಟು. ಅನ್ನ ಎಲ್ಲಿ ಬೇಯಿಸುದು?”

ಬೀಫಾತಿಮ್ಮ ಆಚೀಚೆ ನೋಡಿ, ನಕ್ಕು, ಅವಳನ್ನು ಮನೆಯ ಹಿಂದಕ್ಕೆ ಕರೆದೊಯ್ದಳು. ಮೂರು ಕಲ್ಲಿನ ಮೇಲೆ ಅಕ್ಕಿ ಕುದಿಯುತ್ತಿತ್ತು. ಸೊಸೆ ಶಮೀಮಾ ಕಣ್ಣೊರೆಸಿಕೊಳ್ಳುತ್ತಾ ಊದುತ್ತಿದ್ದಳು.

“ಇದನ್ನು ಬರೆದ್ರೆ ನಮ್ಮ ಗ್ಯಾಸ್ ತೆಗೀತಾರಾ?” ಎಂದು ಶಮೀಮಾ ಕೇಳಿದಳು.

“ಬರೆಯದಿದ್ರೆ ದರ ಏರಿ ತೆಗೆದ ಹಾಗೆಯೇ,” ಎಂದು ಅಶ್ಮಿತಾ ಬರೆದುಕೊಂಡಳು.

ಸಂಜೆಯೊಳಗೆ ನಲವತ್ತು ಮನೆಗಳಾದವು. ಮೂವತ್ತೊಂದರ ಹಿತ್ತಲಲ್ಲಿ ಒಲೆಯಿತ್ತು.

“ಹಾಗಾದ್ರೆ ಪರಿಹಾರ ಮೂರು ಪಟ್ಟು ಆಗ್ತದೆ,” ಎಂದರು ಲಯನೆಲ್, ಫೋನಿನಲ್ಲಿ ಲೆಕ್ಕ ಕೇಳಿ. “ವರದಿ ನಿಲ್ಲಿಸ್ತೇನೆ. ನಿಮ್ಮ ನೌಕರಿ ಮಾತ್ರ ನನ್ನ ಕೈಯಲ್ಲಿಲ್ಲ.”

“ಆಯ್ತು ಸರ್,” ಎಂದು ಅವಳು ನಲವತ್ತೊಂದನೆಯ ಮನೆಗೆ ನಡೆದಳು.