ಕಲ್ಲಮ್ಮನ ಮನೆಗಾಡಿಗೆ ಲೈಟು ಬಂದದ್ದು

ಭದ್ರಾವತಿ ಹಳೇನಗರದಲ್ಲಿ ಷಡಕ್ಷರಪ್ಪನವರ ಅಂಗಳದಲ್ಲಿ ನಿಂತಿದ್ದ ಮನೆಗಾಡಿಗೆ ಐವತ್ತು ವರ್ಷ ದಾಟಿತ್ತು. ಜೀಪಿನ ಹಿಂದೆ ಕಟ್ಟಿಕೊಂಡು ಎಳೆಯುವ, ಎರಡು ಗಾಲಿಯ ಪುಟ್ಟ ಮನೆ ಅದು. ಒಳಗೆ ಒಂದು ಮಂಚ, ಒಂದು ಸ್ಟೌ, ಎರಡು ಕಿಟಕಿ. ಯಾರೋ ಇಂಜಿನಿಯರ್ ಸಾಹೇಬರು ಕಾಡಿನ ಕ್ಯಾಂಪಿಗೆಂದು ಮಾಡಿಸಿ, ವರ್ಗವಾದಾಗ ಬಿಟ್ಟು ಹೋಗಿದ್ದನ್ನು ಷಡಕ್ಷರಪ್ಪ ಹರಾಜಿನಲ್ಲಿ ಹಿಡಿದಿದ್ದರು. ಈಗ ಅದರ ಆಯಸ್ಸು ಸಂಜೆ ಐದರವರೆಗೆ. ಐದಕ್ಕೆ ಗುಜರಿಯ ಉಜ್ಜನಪ್ಪ ಬರುವವನಿದ್ದ.

ಮಾಚೇನಹಳ್ಳಿಯ ಎಲೆಕ್ಟ್ರಿಷಿಯನ್ ದೇವರಾಜ ಸ್ಕೂಟರಿನಿಂದ ಇಳಿದಾಗ ಮೂರೂಕಾಲು. ಗೇಟಿನ ಹತ್ತಿರವೇ ಕಾದಿದ್ದ ಷಡಕ್ಷರಪ್ಪನವರ ಹೆಂಡತಿ ಕಲ್ಲಮ್ಮನ ಮುಖ ನೋಡಿದವನೇ ಧೈರ್ಯ ಹೇಳಲು ಶುರುಮಾಡಿದ.

"ಹೆದರ್ಬೇಡಿ ಅಕ್ಕ. ನಾನು ಫ್ಯಾಕ್ಟ್ರಿ ಲೈನ್ ನೋಡ್ಕೊಳ್ತಿದ್ದಾಗ ಅಲ್ಲಿ ಎಂಥಾ ಕರೆಂಟು ಅಂತೀರಿ! ತಂತಿ ಮೇಲೆ ಕೂತ ಕಾಗೆ ಮೊಟ್ಟೆ ಇಟ್ರೆ ಬೆಂದೇ ಕೆಳಗೆ ಬೀಳ್ತಿತ್ತು. ನಾವು ಉಪ್ಪು ಖಾರ ಹಚ್ಕೊಂಡು ತಿಂತಿದ್ವಿ. ಅಂಥ ಕರೆಂಟನ್ನೇ ಕಿವಿ ಹಿಡಿದು ಕೂರ್ಸಿದ ಕೈ ಇದು."

"ನಮ್ಮಲ್ಲಿ ಮೊಟ್ಟೆ ತಿನ್ನಲ್ಲ," ಎಂದರು ಕಲ್ಲಮ್ಮ. "ಲೈಟ್ ನೋಡು ಮಾರಾಯ."

ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದ ಷಡಕ್ಷರಪ್ಪ ಕನ್ನಡಕದ ಮೇಲಿಂದ ನೋಡಿದರು. "ನಿನಗಿಂತ ಮುಂಚೆ ಮೂರು ಜನ ಬಂದ್ರಪ್ಪ. ಒಬ್ಬ ವೈರ್ ಬದಲಾಯಿಸ್ದ, ಒಬ್ಬ ಬಲ್ಬ್ ಬದಲಾಯಿಸ್ದ, ಮೂರನೆಯವನು ಫೋನ್ ನಂಬರನ್ನೇ ಬದಲಾಯಿಸ್ದ."

"ಒಂದ್ಸಲ ನೋಡ್ಲಿ ಬಿಡ್ರಿ," ಎಂದರು ಕಲ್ಲಮ್ಮ.

"ನೋಡ್ಲಿ. ಆದ್ರೆ ಹೋದ ತಿಂಗ್ಳು ಸವಳಂಗ ರಸ್ತೇಲಿ ಏನಾಯ್ತು ಮರ್ತೋಯ್ತಾ? ಮುಸ್ಸಂಜೆ, ಹಿಂದೆ ಲೈಟಿಲ್ಲ. ಸ್ಕೂಟಿ ಹುಡುಗಿ ಒಂದ್ ಗೇಣು ಬಿಟ್ಟು ಬ್ರೇಕ್ ಹಾಕಿದ್ಳು. ಅವಳು ಕಿರುಚಿದ್ದು ಇನ್ನೂ ನನ್ನ ಕಿವೀಲಿದೆ. ಯಾರ ಮಗುಗೋ ಏನೋ ಆಗೋಕೆ ಮುಂಚೆ ಇದು ಹೋಗ್ಬೇಕು."

ತಪ್ಪು ಮಾತಲ್ಲ ಅನ್ನಿಸಿತು ದೇವರಾಜನಿಗೆ. ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಇಳಿದ. ಅವನ ಮಟ್ಟಿಗೆ ಅದೇ ಒಂದು ದೊಡ್ಡ ಗೌರವ.

ಲೈಟುಗಳಿಗೆ ನಿಜವಾಗಿಯೂ ದೆವ್ವ ಹಿಡಿದಂತಿತ್ತು. ಜೀಪಿನಲ್ಲಿ ಬ್ರೇಕ್ ಒತ್ತಿದರೆ ಮನೆಗಾಡಿಯ ಹಿಂದೆ ಇಂಡಿಕೇಟರ್ ಮಿಣುಕುತ್ತಿತ್ತು. ಇಂಡಿಕೇಟರ್ ಹಾಕಿದರೆ ಟೇಲ್ ಲೈಟು ಕಣ್ಣು ಹೊಡೆಯುತ್ತಿತ್ತು. ಎಲ್ಲ ಒಟ್ಟಿಗೆ ಹಾಕಿದರೆ ಎಲ್ಲವೂ ಸತ್ತ ಹಾಗೆ. ವೈರು ಹೊಸದು, ಬಲ್ಬು ಹೊಸದು, ಜೀಪಿನ ಲೈಟುಗಳೆಲ್ಲ ಸರಿ.

ಕಲ್ಲಮ್ಮ ಟೂಲ್ ಡಬ್ಬ ಹಿಡಿದು ಪಕ್ಕದಲ್ಲೇ ಕೂತರು. ಸಣ್ಣ ದನಿಯಲ್ಲಿ ಹೇಳಿದರು: "ನಾನು ಈ ಮನೆಗೆ ಬಂದಾಗ ಹನ್ನೊಂದು ಜನ ಇದ್ವಿ. ಸ್ನಾನಕ್ಕೂ ಸರದಿ, ಅಳೋಕೂ ಸರದಿ. ಆಮೇಲೆ ಇವರು ಇದನ್ನ ತಂದ್ರು. ತಿಂಗಳಿಗೆ ಒಂದ್ ದಿನ ಹೊಳೆ ಕಡೆ ಎಳ್ಕೊಂಡು ಹೋಗಿ ನಿಲ್ಸೋರು. ಒಳಗಿಂದ ಚಿಲಕ ಹಾಕೋದು ನನ್ನ ಕೈಲಿತ್ತು ನೋಡು. ನಮ್ಮತ್ತೆಗೂ ಬಾಗಿಲು ತಟ್ಟೋಕೆ ಆಗ್ತಿರ್ಲಿಲ್ಲ. ಅವರಿಗೆ ಜೀಪ್ ಹತ್ತಿದ್ರೆ ತಲೆ ತಿರುಗ್ತಿತ್ತು."

ದೇವರಾಜನ ಕೈ ಮೊದಲಿಗಿಂತ ಬೇಗ ಓಡಿತು.

ಜೀಪಿನ ಲೈಟು ಹಾಕಿಟ್ಟು, ಅದರ ಬ್ಯಾಟರಿಯ ಮೈನಸ್ಸಿನಿಂದ ಉದ್ದದ ವೈರೊಂದನ್ನು ಎಳೆದು ತಂದು, ಹಿಂದಿನ ಲ್ಯಾಂಪಿನ ಬುಡಕ್ಕೆ ಮುಟ್ಟಿಸಿದ. ಝಗ್ ಎಂದು ಕೆಂಪು ಬೆಳಕು ಬಂತು. ಗಾಡಿಯ ಕಬ್ಬಿಣವನ್ನು ಒಂದು ಕಡೆ ಕೆರೆದು ಅಲ್ಲಿಗೆ ಮುಟ್ಟಿಸಿದ. ಅಲ್ಲೂ ಝಗ್!

"ಸಿಕ್ತು ಕಳ್ಳ!" ಎಂದ. "ಕರೆಂಟು ವೈರಲ್ಲಿ ಬರುತ್ತೆ ಅಕ್ಕ, ವಾಪಸ್ ಹೋಗೋದು ಗಾಡಿ ಮೈ ಮೇಲೆ. ವಾಪಸ್ ದಾರಿ ಮುಚ್ಚೋಗಿದೆ. ಅದಕ್ಕೇ ಪಾಪ, ಒಂದು ಬಲ್ಬಿಗೆ ಬಂದಿದ್ದು ಇನ್ನೊಂದು ಬಲ್ಬಿನ ಹಿತ್ಲಲ್ಲಿ ನುಗ್ಗಿ ಓಡ್ತಿದೆ."

ಮುಂಭಾಗದ ಕೆಳಗೆ ತೂರಿ ಮಲಗಿದ. ಕರೆಂಟು ಜೀಪಿಗೆ ವಾಪಸ್ ಹೋಗಬೇಕಾದ ಕಪ್ಪು ವೈರು ಅಲ್ಲಿ ಒಂದು ಬೋಲ್ಟಿಗೆ ಕಟ್ಟಿಕೊಂಡಿತ್ತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಹಿಂದಿನ ಮೂವರೂ ಅಲುಗಾಡಿಸಿ ನೋಡಿ ಬಿಟ್ಟಿರಬೇಕು. ದೇವರಾಜ ಬಿಚ್ಚಿದ. ವಾಷರಿನ ಕೆಳಗೆ ಕಬ್ಬಿಣ ಕಾಣಲಿಲ್ಲ. ಪಳಪಳ ಹೊಳೆಯುವ ಹಸಿರು ಬಣ್ಣ, ಮೊಸರಿನ ಕೆನೆಯಷ್ಟು ದಪ್ಪ. ಜೀಪಿಗೆ ಸಿಕ್ಕಿಸುವ ಕೊಂಡಿಯ ಒಳಗೂ ಅದೇ ಬಣ್ಣ.

"ಆಯುಧಪೂಜೆಗೆ ಬಣ್ಣ ಹೊಡ್ಸಿದ್ರಾ ಅಕ್ಕ?"

"ಹೊಡ್ಸೋದೇನು, ಪ್ರತಿ ವರ್ಷ ನಾನೇ ಹಚ್ತೀನಿ. ಮೇಲ್ಮೇಲೆ ಹಚ್ಚಿದ್ರೆ ಬೋಲ್ಟ್ ಬುಡದಲ್ಲಿ ತುಕ್ಕು ಉಳಿಯುತ್ತೆ ಅಂತ ಈ ಸಲ ಒಂದೊಂದೂ ಬಿಚ್ಚಿಸಿ, ಅಡೀಲೂ ಎರಡೆರಡು ಸಲ..."

ಕಲ್ಲಮ್ಮ ದೇವರಾಜನ ಕೈಯಲ್ಲಿದ್ದ ವಾಷರಿನ ಹಸಿರು ನೋಡಿದರು. "ಬಣ್ಣದಲ್ಲಿ ಕರೆಂಟ್ ಹೋಗಲ್ವಾ?"

ದೇವರಾಜ ಎಮರಿ ಪೇಪರ್ ತೆಗೆದುಕೊಂಡು ಉಜ್ಜತೊಡಗಿದ. ಕಬ್ಬಿಣ ಬೆಳ್ಳಿಯಂತಾದ ಮೇಲೆ ವೈರು ಕೂರಿಸಿ, ಬೋಲ್ಟ್ ಬಿಗಿದು, ಜೀಪು ಹತ್ತಿದ. ಬ್ರೇಕ್ ಒತ್ತಿದರೆ ಬ್ರೇಕ್ ಲೈಟು. ಎಡಕ್ಕೆ ಹಾಕಿದರೆ ಎಡ, ಬಲಕ್ಕೆ ಬಲ. ಹಿಂದಿನ ಕಾಂಪೌಂಡ್ ಗೋಡೆ ಕುಂಕುಮ ಎರಚಿದಂತೆ ಕೆಂಪಾಯಿತು.

ಷಡಕ್ಷರಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಇಳಿದು ಬಂದರು. "ಏನಾಗಿತ್ತಯ್ಯ?"

ಕಲ್ಲಮ್ಮನ ಮುಖ ಬಾಡಿತ್ತು. ದೇವರಾಜನಿಗೆ ಸುಳ್ಳಿನ ಬರ ಯಾವತ್ತೂ ಬಂದಿರಲಿಲ್ಲ. "ಇಲಿ ಸ್ವಾಮಿ! ಇಲಿ ಅಂದ್ರೆ ಇಲಿ ಅಲ್ಲ, ಬೆಕ್ಕನ್ನೇ ಮನೆ ಬಿಟ್ಟು ಓಡ್ಸೋ ಅಂಥದ್ದು. ನನ್ನ ಟೆಸ್ಟ್ ಲ್ಯಾಂಪ್ ಕಿತ್ಕೊಂಡು..."

"ಸುಳ್ಳು ಹೇಳ್ಬೇಡ ದೇವರಾಜ," ಎಂದರು ಕಲ್ಲಮ್ಮ. "ರೀ, ನಾನೇ ಮಾಡಿದ್ದು. ಬೋಲ್ಟಿನ ಅಡೀಲಿ ಬಣ್ಣ ಹಚ್ಚಿ ಕರೆಂಟಿನ ದಾರಿ ಮುಚ್ಚಿದ್ದೀನಿ. ಆ ಹುಡುಗಿಗೆ ಏನಾದ್ರೂ ಆಗಿದ್ರೆ ನನ್ನಿಂದ್ಲೇ ಆಗ್ತಿತ್ತು."

ಷಡಕ್ಷರಪ್ಪ ಬಗ್ಗಿ ಆ ಬೋಲ್ಟನ್ನು ತಡವಿ ನೋಡಿದರು. "ಇದನ್ನ ಬಿಚ್ಚಿ ಕೊಟ್ಟೋನು ನಾನೇ ಅಲ್ವೇನೇ?" ಎಂದರು. "ನಿನ್ನ ಕೈಲಿ ಆಗ್ಲಿಲ್ಲ ಅಂತ ಸ್ಪ್ಯಾನರ್ ಹಿಡಿದು ಅರ್ಧ ದಿನ ನಾನೂ ಇದರ ಕೆಳಗೇ ಬಿದ್ದಿದ್ನಲ್ಲ."

"ಹೌದಲ್ವಾ!" ಎಂದರು ಕಲ್ಲಮ್ಮ. ದನಿಗೆ ಜೀವ ಬಂತು. "ಮತ್ತೆ ಒಂದು ತಿಂಗಳಿಂದ ನಿನ್ನ ಗಾಡಿ ನಿನ್ನ ಗಾಡಿ ಅಂತ ಬೈದಿದ್ದು ಯಾರಿಗೆ?"

"ಅರ್ಧ ನನಗೇ ಬೈಕೊಂಡೆ ಅಂತ ಇಟ್ಕೋ."

ಅಷ್ಟರಲ್ಲಿ ಗೇಟಿನ ಮುಂದೆ ಉಜ್ಜನಪ್ಪನ ಲಗೇಜ್ ಆಟೋ ಬಂದು ನಿಂತಿತು. ಗ್ಯಾಸ್ ಕಟರ್, ಸುತ್ತಿಗೆ, ಹಗ್ಗ ಸಮೇತ ಬಂದಿದ್ದ. "ಎಲ್ಲಿಂದ ಕತ್ತರಿಸ್ಲಿ ಯಜಮಾನ್ರೇ?"

"ಏನೂ ಕತ್ತರಿಸ್ಬೇಡ. ಟೀ ಕುಡ್ಕೊಂಡು ಹೋಗು," ಎಂದರು ಷಡಕ್ಷರಪ್ಪ. "ಇದು ಗುಜರಿ ಅಲ್ಲ. ಆರೈಕೆ ಸ್ವಲ್ಪ ಜಾಸ್ತಿಯಾಗಿತ್ತು, ಅಷ್ಟೆ."

ಉಜ್ಜನಪ್ಪ ಗೊಣಗುತ್ತಲೇ ಎರಡು ಲೋಟ ಟೀ ಕುಡಿದು ಆಟೋ ತಿರುಗಿಸಿದ. ಬ್ರೇಕ್ ಹಾಕಿದಾಗ ಹಿಂದೆ ಏನೂ ಹೊತ್ತಲಿಲ್ಲ. ಕಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಅಡ್ಡ ನಿಂತರು.

"ಏ ಉಜ್ಜನಪ್ಪ, ಇಳಿ ಕೆಳಗೆ! ಹಿಂದೆ ಒಂದ್ ಲೈಟೂ ಇಲ್ವಲ್ಲೋ ನಿನ್ನ ಗಾಡಿಗೆ. ಹಿಂಗೇ ರಸ್ತೆಗೆ ಬಿಡ್ತೀನಿ ಅಂದ್ಕೊಂಡ್ಯಾ? ದೇವರಾಜ, ಬಾ ಇಲ್ಲಿ. ನಾನು ಡಬ್ಬ ಹಿಡ್ಕೊಳ್ತೀನಿ."